ಅಕ್ಕನ ಮಾತು ಕೇಳಿಸಿಕೊಂಡ ಟೀಚರ್

ಬರುವ ವರ್ಷ ನಾವೆಲ್ಲ ಎಂಟನೇ ತರಗತಿಗೆ ಹೈಸ್ಕೂಲಿಗೆ ಹೋಗುತ್ತೇವೆ. ಅಲ್ಲಿ ಪಾಠ ಜಾಸ್ತಿ, ಪರೀಕ್ಷೆಯ ಭಯವೂ ಜಾಸ್ತಿ. ಭಯವಾದಾಗ ಯಾರಿಗೆ ಹೇಳಬೇಕು ಎಂಬುದು ನನಗೆ ನಮ್ಮ ಮನೆಯಲ್ಲೇ ಗೊತ್ತಾಯಿತು. ಅಕ್ಕನನ್ನು ಕೇಳಿಯೇ ಇದನ್ನು ಬರೆದಿದ್ದೇನೆ.

2025ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಅಕ್ಕ ಗಣಿತದಲ್ಲಿ ಫೇಲಾಗಿದ್ದಳು. ಉಳಿದ ಐದು ವಿಷಯಗಳಲ್ಲಿ ಪಾಸಾಗಿದ್ದಳು. ಆದರೆ ಆ ಐದನ್ನು ಯಾರೂ ನೋಡಲಿಲ್ಲ. ಅಪ್ಪ ‘ಮೊಬೈಲ್ ನೋಡಿ ನೋಡಿ ಹಿಂಗಾಯ್ತು’ ಅಂದರು. ಅಜ್ಜಿ ‘ಓದಿದ್ದು ಸಾಕು, ಗಂಡು ನೋಡಿ’ ಅಂದಳು. ಪಕ್ಕದ ಮನೆ ಮಾವ ತಮ್ಮ ಮಗನ ಮಾರ್ಕ್ಸ್ ಹೇಳಿ ಹೋದರು. ನಾನೂ ಸುಮ್ಮನಿರಲಿಲ್ಲ, ‘ಫೇಲಕ್ಕ’ ಎಂದು ಕರೆದೆ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ನಾಲ್ಕು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಒಂದು ರಾತ್ರಿ ಎಚ್ಚರವಾಗಿ ನೋಡಿದರೆ ಒಬ್ಬಳೇ ಹಿತ್ತಿಲಲ್ಲಿ ಕೂತಿದ್ದಳು. ನನಗೆ ಹೆದರಿಕೆಯಾಗಿ ಅವ್ವನನ್ನು ಎಬ್ಬಿಸಿದೆ.

ಬೆಳಿಗ್ಗೆ ಅವ್ವ ಹೈಸ್ಕೂಲಿನ ವಿಜ್ಞಾನ ಟೀಚರಿಗೆ ಫೋನ್ ಮಾಡಿದಳು. ಸಾಯಂಕಾಲ ಅವರು ಬಂದರು. ಬುದ್ಧಿವಾದ ಹೇಳುತ್ತಾರೆ ಅಂದುಕೊಂಡು ನಾನು ಬಾಗಿಲ ಸಂದಿಯಲ್ಲಿ ನಿಂತೆ. ಅವರು ಅಕ್ಕನ ಜೊತೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, ‘ಏನಾಗ್ತಿದೆ ಹೇಳವ್ವ’ ಎಂದಷ್ಟೇ ಕೇಳಿದರು. ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಟೀಚರೂ ಅವಸರ ಮಾಡಲಿಲ್ಲ. ಆಮೇಲೆ ಅಕ್ಕ ಅಳುತ್ತಾ, ‘ಒಂಬತ್ತನೇ ಕ್ಲಾಸಿನಿಂದ್ಲೇ ಗಣಿತ ಅರ್ಥ ಆಗ್ತಿರಲಿಲ್ಲ ಮಿಸ್, ಕೇಳಿದ್ರೆ ನಗ್ತಾರೆ ಅಂತ ಕೇಳಲಿಲ್ಲ’ ಅಂದಳು. ದಿನಾ ಅವಳ ಪಕ್ಕದಲ್ಲೇ ಮಲಗುವ ನನಗೂ ಇದು ಗೊತ್ತಿರಲಿಲ್ಲ.

ಆಮೇಲೆ ಟೀಚರ್ ಎಲ್ಲರನ್ನೂ ಕರೆದರು. ಆ ವರ್ಷ ಮೂರು ಸಲ ಪರೀಕ್ಷೆ ಇದೆ, ಗಣಿತ ಒಂದನ್ನೇ ಬರೆದರೆ ಸಾಕು, ವರ್ಷ ಹಾಳಾಗುವುದಿಲ್ಲ ಎಂದರು. ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡರೆ ಗಣಿತ ಬೇಡ, ಬೇಕಾದರೆ ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ ಎಂದರು. ಅಜ್ಜಿಗೆ, 18 ವರ್ಷ ತುಂಬದ ಹುಡುಗಿಗೆ ಮದುವೆ ಮಾಡಿದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಅಪರಾಧ ಎಂದೂ ಹೇಳಿದರು. ಅಜ್ಜಿ ಎಲೆಅಡಿಕೆ ಚೀಲ ಹುಡುಕುತ್ತಾ ಒಳಗೆ ಹೋದಳು.

ಪಟ್ಟಣದ ಕೆಲವು ಶಾಲೆಗಳಲ್ಲಿ ಈ ಕೆಲಸಕ್ಕೆಂದೇ ಒಬ್ಬರು ಇರುತ್ತಾರೆ. ಅವರಿಗೆ ಆಪ್ತ ಸಮಾಲೋಚಕರು ಅನ್ನುತ್ತಾರೆ. ಅವರು ಬೈಯೋದಿಲ್ಲ, ಮೊದಲು ಕೇಳಿಸಿಕೊಳ್ಳುತ್ತಾರೆ. ಹೇಳಿದ್ದನ್ನು ಊರಿಗೆಲ್ಲ ಸಾರುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ದೊಡ್ಡವರಿಗೆ ತಿಳಿಸುತ್ತಾರೆ. ಮುಂದಿನ ಓದಿಗೆ ದಾರಿ ತೋರಿಸುತ್ತಾರೆ, ಆರಿಸಿಕೊಳ್ಳುವವರು ನಾವೇ. ನಮ್ಮೂರ ಹೈಸ್ಕೂಲಿನಲ್ಲಿ ಅಂಥವರು ಇಲ್ಲ, ಟೀಚರೇ ಆ ಕೆಲಸ ಮಾಡಿದರು. ಹತ್ತಿರ ಯಾರೂ ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸಿನ ಕಷ್ಟಕ್ಕೆ 2022ರಲ್ಲಿ ಶುರುವಾದ ಟೆಲಿ ಮಾನಸ್, 14416 ಇದೆ. ಎರಡಕ್ಕೂ ದುಡ್ಡು ಬೇಡ, ಹಗಲು ರಾತ್ರಿ ಮಾಡಬಹುದು.

ಅಕ್ಕ ಹದಿನೈದು ದಿನ ಗಣಿತದ ಮೇಷ್ಟ್ರ ಹತ್ತಿರ ಹೇಳಿಸಿಕೊಂಡು, ಎರಡನೇ ಪರೀಕ್ಷೆ ಬರೆದು 43 ಅಂಕ ತೆಗೆದಳು. ಈಗ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದಾಳೆ. ‘ಫೇಲಕ್ಕ’ ಅಂದಿದ್ದಕ್ಕೆ ನಾನು ತಪ್ಪಾಯ್ತು ಅಂದೆ. ‘ಅವತ್ತು ಅವ್ವನ್ನ ಎಬ್ಬಿಸಿದ್ದೂ ನೀನೇ ಅಲ್ವಾ, ಬಿಡು’ ಅಂದಳು.

ನನಗೂ ಭಿನ್ನರಾಶಿ ಭಾಗಾಕಾರ ಇನ್ನೂ ಅರ್ಥವಾಗಿಲ್ಲ. ನಾಳೆ ಗಣಿತದ ಪಿರಿಯಡ್‌ನಲ್ಲಿ ಎದ್ದು ನಿಂತು ಕೇಳುತ್ತೇನೆ. ದಯವಿಟ್ಟು ಯಾರೂ ನಗಬೇಡಿ.