ಪೈಲಟ್ ಎಲ್ಲಿ ಮಲಗುತ್ತಾರೆ?

ಶಿವಮೊಗ್ಗದ ಸೋಗಾನೆಯಲ್ಲಿ ಬೆಂಗಳೂರಿನ ಮೊದಲ ಪ್ರಯಾಣಿಕ ವಿಮಾನ ಇಳಿದದ್ದು 2023ರ ಆಗಸ್ಟ್ 31ರಂದು. ಆಮೇಲೆ ವಿಮಾನದ ಸದ್ದು ಕೇಳಿದಾಗಲೆಲ್ಲ ನನ್ನ ಮೊಮ್ಮಗಳದು ಒಂದೇ ಪ್ರಶ್ನೆ: "ತಾತ, ಪೈಲಟ್ ಮನೆ ಎಲ್ಲಿದೆ?"

ಮಕ್ಕಳೇ, ಬಸ್ ಡ್ರೈವರಿಗೆ ಡಿಪೋ ಇರುವ ಹಾಗೆ ಪೈಲಟ್‌ಗೆ ‘ಬೇಸ್’ ಎಂಬ ಊರಿರುತ್ತದೆ. ಕೆಲಸ ಶುರುವಾಗುವುದು ಅಲ್ಲಿಂದ. ಕೆಲವೊಮ್ಮೆ ಎರಡು ಮೂರು ದಿನ ಊರೂರು ಸುತ್ತಿ, ಹೋಟೆಲಿನಲ್ಲಿ ಮಲಗಿ, ಬೇಸ್‌ಗೆ ಮರಳುತ್ತಾರೆ. ಕಂಪನಿ ಬೇಸ್ ಬದಲಿಸಿದರೆ ಸಂಸಾರವೂ ಗಂಟುಮೂಟೆ ಕಟ್ಟಬೇಕು, ನಮ್ಮ ಬ್ಯಾಂಕ್ ಮ್ಯಾನೇಜರುಗಳ ವರ್ಗಾವಣೆಯಂತೆ.

ಹತ್ತಿರದ ಊರುಗಳಿಗೆ ಹಾರುವ ಎಟಿಆರ್ ವಿಮಾನದ ಪೈಲಟ್ ಒಂದೇ ದಿನ ಹಲವು ಸಲ ಏರಿ ಇಳಿಯಬೇಕು. ದಣಿವು ಹೆಚ್ಚು. ಅದಕ್ಕೇ ವಾರದ ಕಡ್ಡಾಯ ವಿಶ್ರಾಂತಿಯನ್ನು ಡಿಜಿಸಿಎ 36 ಗಂಟೆಯಿಂದ 48ಕ್ಕೆ ಏರಿಸಿತು. 2025ರ ಜುಲೈನಿಂದ ಅದು ಜಾರಿಗೆ ಬಂತು. ಅದೇ ಡಿಸೆಂಬರಿನಲ್ಲಿ ಹೊಸ ನಿಯಮಗಳಿಗೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ದೇಶದಲ್ಲಿ ಸಾವಿರಾರು ಹಾರಾಟ ರದ್ದಾದವು. ಜನ ನಿಯಮವನ್ನೇ ಬೈದರು.

ನಾನು ಭದ್ರಾವತಿಯಲ್ಲಿ ಬೆಳೆದವನು. ಕಬ್ಬಿಣದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿದವರು ಹಗಲು ಮಲಗುತ್ತಿದ್ದರು. "ಪಕ್ಕದ ಮನೆ ಮಾಮ ಮಲಗಿದಾರೆ, ಗಲಾಟೆ ಮಾಡಬೇಡಿ" ಎಂದು ಅಮ್ಮ ಗದರುತ್ತಿದ್ದಳು. ನಮ್ಮ ಗೋಲಿಯಾಟ ಮುಂದಿನ ಬೀದಿಗೆ ಹೋಗುತ್ತಿತ್ತು. ಕುಲುಮೆಯ ಮುಂದೆ ತೂಕಡಿಸಿದರೆ ಏನಾಗುತ್ತದೆಂದು ಬೀದಿಗೆಲ್ಲ ಗೊತ್ತಿತ್ತು.

ವಿಮಾನದಲ್ಲಿ ಎಪ್ಪತ್ತು ಜನ ಕೂತಿರುತ್ತಾರೆ. ನಿದ್ದೆಗೆಟ್ಟವರ ಕೈಗೆ ಅವರನ್ನು ಒಪ್ಪಿಸುವುದಕ್ಕಿಂತ ಒಂದು ದಿನ ತಡವಾಗಿ ಊರು ಸೇರುವುದೇ ಲೇಸು.