ಎಂಜಿನ್ ಇಲ್ಲದ ವಿಮಾನಕ್ಕೆ ಕಂದು ಬಣ್ಣದ ಕನ್ನಡಕ

ಜರ್ಮನಿ ಎಂದ ಕೂಡಲೇ ನಿಮಗೆ ಕಾರು, ಕಾರ್ಖಾನೆ, ಹಿಮ ನೆನಪಾಗಬಹುದು. ನಾನು ಹೇಳಹೊರಟಿರುವುದು ಅಲ್ಲಿನ ಒಂದು ಬೋಳು ಬೆಟ್ಟದ ವಿಚಾರ. ಹೆಸರು ವಾಸರ್‌ಕುಪ್ಪೆ. ಹೆಸ್ಸೆನ್ ರಾಜ್ಯಕ್ಕೆಲ್ಲ ಅದೇ ಅತಿ ಎತ್ತರದ ಬೆಟ್ಟವಂತೆ. ಎತ್ತರ 950 ಮೀಟರ್. ಕೇಳಿ ನನಗೆ ನಗು ಬಂತು. ನಮ್ಮ ಬೆಂಗಳೂರು ಪೇಟೆಯೇ ಸುಮಾರು 920 ಮೀಟರ್ ಎತ್ತರದಲ್ಲಿದೆಯಲ್ಲ! ಆದರೆ ಮೇಲೆ ಹೋಗಿ ನಿಂತ ಮೇಲೆ ನಗು ನಿಂತಿತು. ಕಣ್ಣು ಹಾಯುವಷ್ಟೂ ಮರವಿಲ್ಲದ ಹುಲ್ಲುಗಾವಲು, ಸುತ್ತಲೂ ಇಳಿಜಾರು, ಸೆರಗು ನಿಲ್ಲದಂಥ ಗಾಳಿ. ಫುಲ್ಡಾ ನದಿ ಹುಟ್ಟುವುದೂ ಅಲ್ಲೇ. ನೆತ್ತಿಯ ಮೇಲೆ ದೊಡ್ಡ ಬಿಳಿ ಚೆಂಡಿನಂಥ ಕಟ್ಟಡವೊಂದು ಕೂತಿದೆ. ರೇಡಾರಿಗೆಂದು ಕಟ್ಟಿದ ಗೂಡು ಅದು.

ಆ ಗಾಳಿ, ಆ ಇಳಿಜಾರು ನೋಡಿಯೇ 1911ರಲ್ಲಿ ಡಾರ್ಮ್‌ಸ್ಟಾಟ್ ಊರಿನ ಹುಡುಗರು ತಾವೇ ಕಟ್ಟಿದ ಗ್ಲೈಡರ್‌ಗಳನ್ನು ಅಲ್ಲಿಗೆ ತಂದರಂತೆ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಮೊದಲನೇ ಮಹಾಯುದ್ಧ ಸೋತ ಮೇಲೆ 1919ರ ಒಪ್ಪಂದ ಜರ್ಮನರ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿತು. ಸರಿ, ಎಂಜಿನ್ ಇಲ್ಲದೆಯೇ ಹಾರೋಣ ಎಂದು 1920ರಲ್ಲಿ ಈ ಬೆಟ್ಟದ ಮೇಲೆ ಮೊದಲ ಸ್ಪರ್ಧೆ ನಡೆಸಿದರು. 1924ರಲ್ಲೇ ಹಾರಾಟ ಕಲಿಸುವ ಶಾಲೆಯೂ ಶುರುವಾಯಿತು. ಹಳೇ ಗ್ಲೈಡರ್‌ಗಳನ್ನೆಲ್ಲ ಇಟ್ಟಿರುವ ವಸ್ತುಸಂಗ್ರಹಾಲಯ 1987ರದು. ಮಳೆ ಬಂದರೆ ಅಲ್ಲಿ ಅರ್ಧ ದಿನ ಸಲೀಸಾಗಿ ಕಳೆಯಬಹುದು.

ನಮಗೂ ಆ ಬೆಟ್ಟಕ್ಕೂ ಏನು ಸಂಬಂಧ ಅಂತೀರಾ? ನನ್ನ ಮಗಳು ಫುಲ್ಡಾದಲ್ಲಿ ಓದುತ್ತಿದ್ದಾಳೆ. ಒಂದು ಭಾನುವಾರ ಫೋನಿನಲ್ಲಿ, "ಅಮ್ಮಾ, ಗ್ಲೈಡರ್ ಹಾರಿಸೋದು ಕಲೀತಿದೀನಿ" ಅಂದಳು. ಅವತ್ತು ನಮ್ಮ ಮನೆಯಲ್ಲಿ ಕುಕ್ಕರ್ ಇಟ್ಟದ್ದೇ ಎರಡು ಗಂಟೆಗೆ. "ಅದರಲ್ಲಿ ಅಪಾಯ ಏನೇ?" ಎಂದು ಕೇಳಿದ್ದಕ್ಕೆ, "ಹತ್ತಿರ ಹಾರೋ ಇನ್ನೊಂದು ಗ್ಲೈಡರ್ ಕಣ್ಣಿಗೆ ಬೀಳದೇ ಹೋಗೋದು" ಎಂದಳು. ಅವಳಿಗೋ ಹತ್ತನೇ ವಯಸ್ಸಿನಿಂದ ಕನ್ನಡಕ, ಈಗ ಮೈನಸ್ ನಾಲ್ಕು. ಹೆತ್ತವಳ ಎದೆ ಹೇಗಿರಬೇಕು, ನೀವೇ ಹೇಳಿ.

ನಾವು ಹೊರಡುವ ಮುಂಚೆ ಅವಳಿಂದ ಒಂದು ಚೀಟಿ ಬಂತು. ಪವರ್ ಹಾಕಿಸಿದ ಕೂಲಿಂಗ್ ಗ್ಲಾಸಿಗೆ ಅಲ್ಲಿ ತುಂಬಾ ದುಡ್ಡಂತೆ, ನಮ್ಮೂರಲ್ಲೇ ಮಾಡಿಸಿ ತರಬೇಕಂತೆ. ಗಾಜು ಕಂದು ಬಣ್ಣ. ಕಡ್ಡಿ ತೆಳ್ಳಗಿರಬೇಕು. ಯುವಿ 400 ಇರಲೇಬೇಕು. ಪೋಲರೈಸ್ಡ್ ಮಾತ್ರ ಬೇಡವೇ ಬೇಡ! ತಿಪಟೂರಿನ ಕನ್ನಡಕದ ಅಂಗಡಿಯವರು, "ಎಲ್ಲರೂ ಅದನ್ನೇ ಕೇಳ್ಕೊಂಡು ಬರ್ತಾರೆ, ನೀವು ಬೇಡ ಅಂತೀರಲ್ಲಮ್ಮ" ಎಂದು ಎರಡೆರಡು ಸಲ ಕೇಳಿದರು. ಚೀಟಿಯಲ್ಲಿದ್ದ ಹಾಗೇ ಮಾಡಿಸಿದೆ. ಯಾಕೆ ಅಂತ ತಿಳಿದದ್ದು ಮಾತ್ರ ಬೆಟ್ಟದ ಮೇಲೆ.

ಜುಲೈ ತಿಂಗಳು, ರಾತ್ರಿ ಒಂಬತ್ತಕ್ಕೂ ಬೆಳಕು. ಮೈದಾನದಲ್ಲಿ ಎಲ್ಲರೂ ಕೈ ಸೇರಿಸುತ್ತಾರೆ: ಒಬ್ಬರು ಹಗ್ಗ ಸಿಕ್ಕಿಸುತ್ತಾರೆ, ಒಬ್ಬರು ರೆಕ್ಕೆ ಹಿಡಿದು ಓಡುತ್ತಾರೆ, ಮತ್ತೊಬ್ಬರು ವೇಳೆ ಬರೆದಿಡುತ್ತಾರೆ. (ನಾನು ಒಯ್ದಿದ್ದ ಕೋಡುಬಳೆ ಹತ್ತೇ ನಿಮಿಷದಲ್ಲಿ ಖಾಲಿ. ಖಾರ ಖಾರ ಅನ್ನುತ್ತಲೇ ತಿಂದರು.) ನನ್ನನ್ನೂ ಹತ್ತಿಸಿದರು. ಹಾರಿಸುವವರು ಅರವತ್ತು ದಾಟಿದ ಹೆಂಗಸು, ಅಲ್ಲಿನ ಶಿಕ್ಷಕಿ! ಎರಡು ಸೀಟಿನ ಆ ಗ್ಲೈಡರ್ ತಯಾರಾದದ್ದು ಬೆಟ್ಟದ ತಪ್ಪಲಿನ ಪೊಪ್ಪೆನ್‌ಹೌಸೆನ್ ಎಂಬ ಊರಿನಲ್ಲೇ. ಗಾಳಿ ನೆಟ್ಟಗಿದ್ದರೆ ಒಂದು ಕಿಲೋಮೀಟರ್ ಎತ್ತರದಿಂದ 34 ಕಿಲೋಮೀಟರ್ ದೂರ ತೇಲಿಕೊಂಡು ಹೋಗುತ್ತದಂತೆ. ಮೈದಾನದ ಆ ತುದಿಯಲ್ಲಿ ವಿಂಚ್ ಯಂತ್ರ ಹಗ್ಗ ಸುತ್ತಿಕೊಂಡಿತು ನೋಡಿ, ಒಂದು ನಿಮಿಷದೊಳಗೆ ನಾವು ಮೇಲೆ! ಹಗ್ಗ ಕಳಚಿದ ಮೇಲೆ ಗಾಳಿಯ ಸುಯ್ಲು ಬಿಟ್ಟರೆ ಸದ್ದಿಲ್ಲ.

ನೆಲ ಕಾದು ಮೇಲೇಳುವ ಬಿಸಿಗಾಳಿಯೊಳಗೆ ನಮ್ಮೂರ ಹದ್ದು ಸುತ್ತುವ ಹಾಗೇ ಗ್ಲೈಡರ್ ಸುತ್ತುತ್ತಾ ಏರುತ್ತದೆ. ಪ್ರತಿ ಸುತ್ತಿಗೂ ಸೂರ್ಯ ಒಮ್ಮೆ ಮುಖಕ್ಕೇ ಹೊಡೆಯುತ್ತಾನೆ. ಗಂಟೆಗಟ್ಟಲೆ ಹೀಗೇ ಆದರೆ ಕಣ್ಣಿನ ಗತಿ? ಎತ್ತರ ಏರಿದಷ್ಟೂ ಕಾಣದ ನೇರಳಾತೀತ ಕಿರಣವೂ ಜಾಸ್ತಿ. ಇಷ್ಟಾಗಿಯೂ ಅತಿ ಕಪ್ಪು ಗಾಜು ಆಗದು. ಹೊರಗಿನ 100 ಪಾಲು ಬೆಳಕಿನಲ್ಲಿ 8ರಿಂದ 18 ಪಾಲು ಒಳಗೆ ಬಿಡುವ ಗಾಜಿಗೆ 3ನೇ ದರ್ಜೆ ಎನ್ನುತ್ತಾರೆ, ಅಷ್ಟು ಸಾಕು. ಅದಕ್ಕಿಂತ ಕಪ್ಪಾದ 4ನೇ ದರ್ಜೆಯದನ್ನು ಹಾಕಿಕೊಂಡು ಕಾರು ಕೂಡ ಓಡಿಸಬಾರದು.

ಪೋಲರೈಸ್ಡ್ ಗಾಜು ನೀರಿನಿಂದ, ಟಾರು ರಸ್ತೆಯಿಂದ ಚಿಮ್ಮುವ ಥಳುಕನ್ನು ತಡೆಯುತ್ತದೆ. ಸ್ಕೂಟರಿಗೆಂದು ನಮ್ಮ ಎಜಮಾನರು ಇಟ್ಟುಕೊಂಡಿರುವುದೂ ಅದೇ. ಅದನ್ನು ಕೇಳಿ ಪಡೆದು ಮೇಲೆ ಹಾಕಿ ನೋಡಿದೆ. ನಮ್ಮ ತಲೆಯ ಮೇಲಿನ ಅಕ್ರಿಲಿಕ್ ಮುಚ್ಚಳದ ತುಂಬ ಸೋಪಿನ ಗುಳ್ಳೆಯ ಮೇಲಿರುವಂಥ ಬಣ್ಣದ ಪಟ್ಟೆಗಳು! ತಲೆ ಓರೆ ಮಾಡಿದರೆ ಎದುರಿಗಿದ್ದ ಯಂತ್ರದ ಪರದೆಯೇ ಕಪ್ಪು. ಇನ್ನೊಂದು ದೊಡ್ಡ ತೊಂದರೆ ಇದೆ. ದೂರದ ಗ್ಲೈಡರ್ ಎಷ್ಟೋ ಸಲ ಮೊದಲು ಕಾಣುವುದೇ ಅದರ ರೆಕ್ಕೆ ಫಳ್ ಅಂದಾಗ. ಆ ಥಳುಕನ್ನೇ ಗಾಜು ನುಂಗಿಬಿಟ್ಟರೆ? ಮಗಳ ಕಂದು ಕನ್ನಡಕ ಹಾಕಿದ್ದರೆ ಮೋಡದ ಅಂಚು ಬಿಡಿಸಿಟ್ಟ ಹಾಗೆ ಕಾಣುತ್ತದೆ, ಬಿಸಿಗಾಳಿ ಎಲ್ಲಿ ಏರುತ್ತಿದೆ ಎಂಬ ಅಂದಾಜು ಸಿಗುತ್ತದೆ ಎಂದು ಶಿಕ್ಷಕಿ ಹೇಳಿದರು. ಬಣ್ಣ ಇದ್ದಂತೆಯೇ ಕಾಣಬೇಕು ಎನ್ನುವವರು ಬೂದು ಗಾಜು ಹಾಕುತ್ತಾರಂತೆ. ಅಗಲ ಕಡ್ಡಿಯ ಫ್ಯಾಷನ್ ಕನ್ನಡಕವನ್ನಂತೂ ಯಾರೂ ಹಾಕಿರಲಿಲ್ಲ, ಅದು ಅಕ್ಕಪಕ್ಕದ ನೋಟವನ್ನು ಮುಚ್ಚುತ್ತದೆ. ಮುಂದೆ ಚುಂಚಿರುವ ಟೋಪಿ ಮೇಲಿನ ನೋಟವನ್ನು ಮರೆಮಾಡುತ್ತದೆ ಎಂದು ಅದೂ ಇಲ್ಲ, ಬರೀ ಮೆತ್ತನೆ ಬಟ್ಟೆ ಟೋಪಿ.

ಮಧ್ಯಾಹ್ನ ಮಗಳು ಒಬ್ಬಳೇ ಏರಿದಳು. ಒಂದೇ ಬಿಸಿಗಾಳಿಯಲ್ಲಿ ನಾಲ್ಕು ಗ್ಲೈಡರ್, ನಾಲ್ಕೂ ಬಿಳಿ. ಬಿಸಿಲಿಗೆ ಮೈ ಕಾಯಬಾರದೆಂದು ಬಿಳಿಯೇ ಬಳಿಯುತ್ತಾರೆ. ಆದರೆ ಬಿಳಿ ಮೋಡದ ಮುಂದೆ ಬಂದಾಗ ಒಂದೊಂದೇ ಮಾಯ! ಎಲ್ಲವೂ ಒಂದೇ ದಿಕ್ಕಿಗೆ ಸುತ್ತಬೇಕೆಂಬ ನಿಯಮವಿದೆ, ಹತ್ತಿರ ಬಂದರೆ ಕೂಗುವ ಯಂತ್ರವೂ ಇದೆ. ಎಷ್ಟಿದ್ದರೂ ಮೊದಲು ನಂಬಬೇಕಾದದ್ದು ಕಣ್ಣನ್ನೇ, ಅಂದರು ಶಿಕ್ಷಕಿ. ಯಾವುದು ನಮ್ಮವಳದು ಎಂದು ಎಜಮಾನರೂ ನಾನೂ ಕತ್ತೆತ್ತಿಕೊಂಡೇ ನಿಂತೆವು. ನಲವತ್ತು ನಿಮಿಷವಾದ ಮೇಲೆ ಹುಲ್ಲಿನ ಮೇಲೆ ಇಳಿದು, ಮುಚ್ಚಳ ತೆಗೆದು, "ಅಮ್ಮಾ, ನಾಲ್ಕೂ ಚೆನ್ನಾಗಿ ಕಾಣ್ತಿತ್ತು" ಅಂದಳು. ನಾನು ಒಂದೂ ಮಾತಾಡದೆ ಬಾಟಲಿಯ ನೀರು ಕೊಟ್ಟೆ.

ನೀವು ಗ್ಲೈಡರ್ ಹತ್ತದಿದ್ದರೂ ಇದಿಷ್ಟು ನೆನಪಿಡಿ. ಯುವಿ ತಡೆಯದ ಬರೀ ಕಪ್ಪು ಗಾಜು ಮಕ್ಕಳಿಗೆ ಕೊಡಿಸಬೇಡಿ; ಕತ್ತಲಿಗೆ ಪಾಪೆ ಅಗಲವಾಗಿ ಕೆಟ್ಟ ಕಿರಣ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಪೋಲರೈಸ್ಡ್ ಅಂತ ಹೆಚ್ಚು ಬೆಲೆ ಹೇಳಿದರೆ ಅಂಗಡಿಯ ಕ್ಯಾಲ್ಕುಲೇಟರಿನ ಅಂಕಿಗಳ ಮುಂದೆ ಕನ್ನಡಕ ಹಿಡಿದು ನಿಧಾನವಾಗಿ ತಿರುಗಿಸಿ. ನಿಜವಾದದ್ದಾದರೆ ಒಂದು ಕಡೆ ಪರದೆ ಪೂರಾ ಕಪ್ಪಾಗುತ್ತದೆ.

ಕನ್ನಡಕದ ಪೈಲಟ್ಟುಗಳು ಇನ್ನೊಂದು ಜೊತೆ ಕೈಗೆ ಸಿಗುವಂತೆ ಇಟ್ಟುಕೊಂಡೇ ಹಾರಬೇಕೆಂಬ ನಿಯಮ ಅಲ್ಲಿದೆ. ಊರಿಗೆ ಬಂದವಳೇ ಅದೇ ಅಂಗಡಿಗೆ ಹೋಗಿ ಎರಡನೇ ಜೊತೆಗೆ ಹೇಳಿ ಬಂದಿದ್ದೇನೆ. ಈ ಸಲ ಅವರು ಪೋಲರೈಸ್ಡ್ ಮಾತೆತ್ತಲಿಲ್ಲ. ಬುಧವಾರ ಕೊಡುತ್ತಾರಂತೆ.