ಕೋಡಿ ಬಿದ್ದಾಗ ಬಿಚ್ಚಾನ

ಅಟ್ಟದ ಮೇಲೆ ಹುಣಸೆಹಣ್ಣಿನ ಗಡಿಗೆಯ ಹಿಂದೆ, ಹಳೇ ಕಂಬಳಿಯ ಮಡಿಕೆಯೊಳಗೆ ಐವತ್ತು ವರ್ಷಕ್ಕೂ ಮೀರಿ ಮಲಗಿದ್ದ ಒಂದು ಪೊಟ್ಟಣವನ್ನು ಮೊನ್ನೆ ಕೆಳಗಿಳಿಸಿದೆ. ಕಂಬಳಿ ಬಿಚ್ಚುತ್ತಿದ್ದಂತೆ ಮೊದಲು ಬಂದದ್ದು ಉಣ್ಣೆಯ ಘಾಟು, ಅದರ ಹಿಂದೆಯೇ ಹುಣಸೆಯ ಹುಳಿ, ನುಸಿಗುಳಿಗೆಯ ತಣ್ಣನೆಯ ವಾಸನೆ, ಇವೆಲ್ಲ ಒಂದೊಂದಾಗಿ ಜಗಲಿಯ ಗಾಳಿಗೆ ಹಾರಿಹೋದ ಮೇಲೆ ಕೊನೆಯಲ್ಲಿ ಉಳಿದದ್ದು ಹೊಸ ಬಾಚಣಿಗೆಯ ವಾಸನೆ. ಜಾತ್ರೆಯಲ್ಲಿ ಕೊಂಡ ಬಾಚಣಿಗೆಯನ್ನು ಮೂಗಿನ ಹತ್ತಿರ ಹಿಡಿದರೆ ಬರುತ್ತಿತ್ತಲ್ಲ, ಅದೇ.

ಒಳಗಿರುವುದು ಒಂದು ಕಾರು. ಕಾರು ಅನ್ನುವುದಕ್ಕಿಂತ ಇನ್ನೂ ಕಾರಾಗದ ಕಾರು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯವರು ಮಾಡಿದ 1926ರ ಮಾರಿಸ್ ಕೌಲಿ, ನಿಜವಾದ ಕಾರಿನ ಮೂವತ್ತೆರಡನೇ ಒಂದು ಪಾಲು. ಬಿಡಿಭಾಗಗಳೆಲ್ಲ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡು, ಹುಣಸೆ ಟೊಂಗೆಗೆ ಕಾಯಿ ಜೋತುಬಿದ್ದ ಹಾಗೆ ಜೋತುಬಿದ್ದಿವೆ. ಒಂದೊಂದಾಗಿ ಕತ್ತರಿಸಿ, ಅಂಚು ಉಜ್ಜಿ, ಅಂಟು ಹಚ್ಚಿ ನಾವೇ ಕಾರು ಕಟ್ಟಬೇಕು. ರಟ್ಟಿನ ಡಬ್ಬಿಯೂ ಇಲ್ಲ. ತೆಳ್ಳನೆ ಪಾಲಿಥೀನ್ ಚೀಲ, ಅದರ ತಲೆಗೆ ಮಡಚಿ ಪಿನ್ನು ಹೊಡೆದ ಬಣ್ಣದ ಕಾಗದ, ಅಷ್ಟೇ. ಈ ಚೀಲಕ್ಕೂ ಒಂದು ಕಥೆಯಿದೆ. ನಿಕೋಲಸ್ ಕೋವ್ ಎಂಬ ಹಂಗೇರಿಯ ಮನುಷ್ಯ ಲಂಡನ್ನಿಗೆ ವಲಸೆ ಬಂದು 1939ರಲ್ಲಿ ಕಟ್ಟಿದ ಕಂಪನಿ ಅದು. ಯುದ್ಧ ಮುಗಿದ ಮೇಲೆ ಅವರು ಹೆಸರು ಮಾಡಿದ್ದು ಪ್ಲಾಸ್ಟಿಕ್ ಬಾಚಣಿಗೆಯಿಂದ. 1952ರಲ್ಲಿ ಒಂದು ಪುಟ್ಟ ಹಡಗಿನ ಬಿಡಿಭಾಗಗಳನ್ನು ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಮಾರಬೇಕಾಗಿ ಬಂದಾಗ ಡಬ್ಬಿಯ ಖರ್ಚು ಆ ಬೆಲೆಗೆ ಹೊಂದಲಿಲ್ಲ, ಹಾಗಾಗಿ ಚೀಲಕ್ಕೆ ತುಂಬಿ ಪಿನ್ನು ಹೊಡೆದರು. ಬಡ ಹುಡುಗನ ಕೈಗೂ ಎಟುಕಲಿ ಅಂತ ಹುಟ್ಟಿದ ಆ ಚೀಲ ಎಲ್ಲೆಲ್ಲಿಗೋ ಹೋಗಿ, ಕೊನೆಗೆ ಚಿತ್ರದುರ್ಗದ ದೊಡ್ಡಪೇಟೆಯ ಒಬ್ಬ ಡ್ರೈವರನ ಮನೆಯ ಅಟ್ಟ ಸೇರಿತು.

ಆ ಡ್ರೈವರು ನಮ್ಮಪ್ಪ. ಸರ್ಕಾರಿ ಇಲಾಖೆಯೊಂದರಲ್ಲಿ ಮೊದಲು ಜೀಪು, ಆಮೇಲೆ ಅಂಬಾಸಿಡರ್ ಓಡಿಸುತ್ತಿದ್ದರು. ದುರ್ಗದಿಂದ ಹೊಳಲ್ಕೆರೆ, ಹೊಳಲ್ಕೆರೆಯಿಂದ ಹೊಸದುರ್ಗ, ಅಲ್ಲಿಂದ ಹಿರಿಯೂರು, ಮತ್ತೆ ಹೆದ್ದಾರಿ ಹಿಡಿದು ಸುಮಾರು 40 ಕಿಲೋಮೀಟರ್ ಬಂದರೆ ಮನೆ. ಸಾಹೇಬರು ಎಲ್ಲೆಲ್ಲಿ ಹೋಗಿದ್ದರು ಅಂತ ಅಪ್ಪ ಹೇಳಬೇಕಾಗಿಯೇ ಇರಲಿಲ್ಲ, ಅವರ ಖಾಕಿ ಅಂಗಿಯೇ ಹೇಳುತ್ತಿತ್ತು. ಅಡಿಕೆ ಬೇಯಿಸಿದ ಚೊಗರಿನ ವಾಸನೆ ಬಂದರೆ ಹೊಳಲ್ಕೆರೆ. ಅವತ್ತು ಬಯಲು ಗಣಪತಿಯ ಮುಂದೆ ಒಡೆದ ಕಾಯಿಯ ಹೋಳೂ ಜೇಬಿನಲ್ಲಿರುತ್ತಿತ್ತು, ಬೆನ್ನ ಮೇಲೆ ಜಡೆ ಬಿಟ್ಟುಕೊಂಡು ಕೂತಿರುವ ಆ ದೊಡ್ಡ ಗಣಪನಿಗೆ ಕೈಮುಗಿಯದೆ ಅಪ್ಪ ಊರು ದಾಟಿದವರಲ್ಲ. ಕೊಬ್ಬರಿಯ ಜಿಡ್ಡಿನ ವಾಸನೆ ಇದ್ದರೆ ಹೊಸದುರ್ಗ. ಆಲೆಮನೆಯ ಬೆಲ್ಲದ ಹೊಗೆ ಮೆತ್ತಿಕೊಂಡಿದ್ದರೆ ಹಿರಿಯೂರು, ಅಂದರೆ ಮಾರಿಕಣಿವೆ ಕಡೆ ಹೋಗಿದ್ದಾರೆ ಅಂತ ಅರ್ಥ. ಅವ್ವ ಬಾಗಿಲಲ್ಲೇ ಮೂಸಿ ಹೇಳಿಬಿಡುತ್ತಿದ್ದಳು.

1972ರ ಬೇಸಿಗೆ ಇರಬೇಕು, ನನಗೆ ಹತ್ತು ವರ್ಷ. ಸಾಹೇಬರ ನೆಂಟರೊಬ್ಬರು ಇಂಗ್ಲೆಂಡಿನಿಂದ ಬಂದಿದ್ದರು. ಅವರಿಗೆ ಕೋಟೆ, ಚಂದ್ರವಳ್ಳಿ, ಮಾರಿಕಣಿವೆ ಎಲ್ಲ ತೋರಿಸುವುದಕ್ಕೆ ಅಪ್ಪ ಮೂರು ದಿನ ಗಾಡಿ ಓಡಿಸಿದ್ದರು. ಹೊರಡುವಾಗ ಅವರು ಮನೆಯಲ್ಲಿ ಮಕ್ಕಳಿದ್ದಾರಾ ಅಂತ ಕೇಳಿ ಈ ಪೊಟ್ಟಣ ಕೊಟ್ಟರಂತೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದದ್ದು ನನ್ನ ಕಣ್ಣಲ್ಲಿ ಹಾಗೇ ಇದೆ. ಪ್ರಸಾದ ತಂದ ಹಾಗೆ ತಂದರು. ನಾನು ಚೀಲ ಹರಿಯುವುದಕ್ಕೆ ಕೈ ಹಾಕಿದೆ, ಅವರು ಮೇಲೆತ್ತಿಬಿಟ್ಟರು.

"ಈಗ ಬೇಡ ಕಣಪ್ಪ. ಇದಕ್ಕೆ ಬೇರೆ ಅಂಟು ಬೇಕು, ಬಣ್ಣ ಬೇಕು. ಆಗಲೇ ಹಾಳು ಮಾಡಾದು ಬೇಡ. ಮಾರಿಕಣಿವೆ ಕೋಡಿ ಬೀಳ್ಲಿ, ಆವಾಗ ಬಿಚ್ಚಾನ."

ಈ ಮಾತಿನ ಅರ್ಥ ನಿಮಗೆ ಹೇಳಬೇಕು. ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡವಾಗಿ 1898ರಲ್ಲಿ ಕಟ್ಟಲು ಶುರುಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು ಮಾರಿಕಣಿವೆ. ರಾಜಮಾತೆಯ ಹೆಸರಲ್ಲಿ ಅದಕ್ಕೆ ವಾಣಿವಿಲಾಸ ಸಾಗರ ಅಂತ ಹೆಸರಿಟ್ಟರು. ನೀರು 130 ಅಡಿ ಮುಟ್ಟಿದರೆ ಕೋಡಿ. ಮಳೆ ಕಾಣದ ನಮ್ಮ ಸೀಮೆಯಲ್ಲಿ ಅದು ಹಾಗೆ ತುಂಬಿ ಹರಿದದ್ದು 1933ರಲ್ಲಿ ಒಂದು ಸಲ. ನಮ್ಮಜ್ಜಿ ಎತ್ತಿನ ಗಾಡಿಯಲ್ಲಿ ಹೋಗಿ ನೋಡಿಬಂದಿದ್ದಳಂತೆ. ಅಪ್ಪ ಹುಟ್ಟಿದ್ದು ಅದರ ಮಾರನೇ ವರ್ಷ. ಒಂದೇ ಒಂದು ವರ್ಷ ತಪ್ಪಿಸಿಕೊಂಡೆ ಅನ್ನುವುದು ಅವರಿಗೆ ಕೊನೆವರೆಗೂ ಹೋಗದ ಹಳಹಳಿ. ಆ ಹಳಹಳಿಯೇ ಮನೆಯ ಮಾತಾಗಿಬಿಟ್ಟಿತ್ತು. ಅವ್ವನಿಗೆ ಬಂಗಾರದ ಬಳೆ ಕೋಡಿ ಬಿದ್ದಾಗ. ಹೆಂಚು ಬದಲಾಯಿಸುವುದು ಕೋಡಿ ಬಿದ್ದಾಗ. ನನಗೆ ಸೈಕಲ್ಲೂ ಕೋಡಿ ಬಿದ್ದಾಗಲೇ. ಇಲ್ಲ ಅನ್ನುವ ಮಾತು ಅಪ್ಪನ ಬಾಯಲ್ಲಿ ಬರುತ್ತಿರಲಿಲ್ಲ, ಅದರ ಜಾಗದಲ್ಲಿ ಈ ಮಾತು ಬರುತ್ತಿತ್ತು.

ನಾನು ಅತ್ತೆನೋ ಏನೋ, ಆ ಸಂಕ್ರಾಂತಿ ಹೊತ್ತಿಗೆ ಅವರು ನನಗೆ ಜೋಳದ ದಂಟಿನ ಗಾಡಿ ಮಾಡಿಕೊಟ್ಟರು. ನೀವೂ ಮಾಡಿರುತ್ತೀರಿ. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಳ್ಳನೆ ಬೆಂಡು, ಹತ್ತಿಯ ಹಾಗೆ ಹಗುರ. ಬೆಂಡನ್ನು ತುಂಡು ಮಾಡಿಕೊಂಡು, ಅದೇ ಸಿಪ್ಪೆಯನ್ನು ಸೀಳಿ ಕಡ್ಡಿ ಮಾಡಿ ಚುಚ್ಚುತ್ತ ಹೋದರೆ ನೊಗ, ಮೂಕಿ, ಗಾಲಿ ಎಲ್ಲ ಎದ್ದು ನಿಲ್ಲುತ್ತವೆ. ಅಂಟಿಲ್ಲ, ಮೊಳೆಯಿಲ್ಲ. ಅಪ್ಪ ಮಾತ್ರ ಎತ್ತಿನ ಗಾಡಿ ಮಾಡಲಿಲ್ಲ, ಅಂಬಾಸಿಡರ್ ಮಾಡಿದರು. ದುಂಡು ಬಾನೆಟ್ಟು, ದುಂಡು ಬೆನ್ನು, ಒಳಗೆ ಸ್ಟೇರಿಂಗಿಗೆ ಒಂದು ಹೊಂಗೆಕಾಯಿ ಸಿಪ್ಪೆಯ ಬಿಲ್ಲೆ. ಸಿಪ್ಪೆ ಸೀಳಿ ಅವರ ಹೆಬ್ಬೆರಳಲ್ಲಿ ರಕ್ತ ಬಂದಿತ್ತು. ಬೇಸಿಗೆ ಬರುವಷ್ಟರಲ್ಲಿ ಇರುವೆ ಹತ್ತಿ, ಬೆಂಡು ಪುಡಿಯಾಗಿ ಆ ಕಾರು ಹೊರಟುಹೋಯಿತು. ಅಟ್ಟದ ಮೇಲಿನದು ಮಾತ್ರ ಹಾಗೇ ಉಳಿಯಿತು.

ಮೊನ್ನೆ ಜಗಲಿಯಲ್ಲಿ ಕೂತು ಮೊರ ತರಿಸಿಕೊಂಡೆ. ಇಷ್ಟು ಸಣ್ಣ ಸಾಮಾನು ಹರಡುವುದಕ್ಕೆ ಮೊರಕ್ಕಿಂತ ಒಳ್ಳೆಯದಿಲ್ಲ, ಉರುಳಿದರೂ ಅಂಚಿಗೆ ಬಂದು ನಿಲ್ಲುತ್ತದೆ. ಕಟ್ಟುವ ಮುಂಚೆ ಎಲ್ಲವನ್ನೂ ಒಂದು ಸಲ ನೋಡಿಕೊಳ್ಳಬೇಕು ಅಂತ ಈ ಕೆಲಸ ಬಲ್ಲವರು ಹೇಳುತ್ತಾರೆ, ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಚಾಸಿಸ್ ಕೈಗೆತ್ತಿಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದೆ. ಐವತ್ತು ಬೇಸಿಗೆಯ ದುರ್ಗದ ಬಿಸಿಲು ಹೆಂಚಿನ ಕೆಳಗಿಳಿದು ಅದನ್ನು ಒಂದಿಷ್ಟು ಬಾಗಿಸಿದೆ. ಬಿಸಿನೀರಲ್ಲಿ ಅದ್ದಿ ಮೆಲ್ಲಗೆ ಒತ್ತಿದರೆ ನೆಟ್ಟಗಾಗುತ್ತದೆ, ಆದರೆ ನೀರು ಕುದಿಯುತ್ತಿರಬಾರದು. ಅಚ್ಚಿನ ಎರಡು ಹೋಳು ಕೂಡುವ ಕಡೆ ಪ್ಲಾಸ್ಟಿಕ್ ಒಸರಿ, ಹಾಲಿನ ಕೆನೆಯಷ್ಟು ತೆಳ್ಳಗೆ ಅಂಚು ಕಟ್ಟಿದೆ, ಅದನ್ನು ಬ್ಲೇಡಿನಿಂದ ಹೆರೆಯಬೇಕು. ಅಚ್ಚು ಬಿಡಿಸಲು ಸವರಿದ ಜಿಡ್ಡು ಇನ್ನೂ ಇರಬಹುದು, ಸೋಪಿನ ನೀರಲ್ಲಿ ತೊಳೆಯದೆ ಹೋದರೆ ಬಣ್ಣ ಹಿಡಿಯುವುದಿಲ್ಲ. ಎರಡು ತುಂಡುಗಳನ್ನು ಅಂಟಿಲ್ಲದೆ ಸುಮ್ಮನೆ ಕೂಡಿಸಿ ನೋಡಿದೆ. ಒಂದರ ಮೊಳೆ ಇನ್ನೊಂದರ ತೂತಿಗೆ ಸಣ್ಣ ಸದ್ದಿನೊಂದಿಗೆ ಕೂತಿತು. ದಂಟಿನ ಬೆಂಡಿಗೆ ಸಿಪ್ಪೆ ಕಡ್ಡಿ ಇಳಿದ ಹಾಗೆಯೇ.

ರೇಡಿಯೇಟರನ್ನು ಮಾತ್ರ ಬಹಳ ಹೊತ್ತು ಹಿಡಿದುಕೊಂಡಿದ್ದೆ. ಮಾರಿಸ್ ಕಾರಿನ ಮುಖ ಅದು, ತಲೆ ದುಂಡಗೆ ಮುಂದಕ್ಕೆ ಉಬ್ಬಿ ಹೋರಿಯ ಮೂತಿಯಂತೆ ಇರುವುದರಿಂದ ಆ ಕಾರಿಗೆ ಬುಲ್‌ನೋಸ್ ಅಂತಲೇ ಹೆಸರು. ಆಕ್ಸ್‌ಫರ್ಡಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ವಿಲಿಯಂ ಮಾರಿಸ್ 1913ರಲ್ಲಿ ಮಾಡಿದ ಮೊದಲ ಕಾರಿಗೇ ಈ ಮೂತಿ ಇತ್ತು, 1926ಕ್ಕೆ ಅದು ಕೊನೆಯಾಯಿತು. ಅಂದರೆ ನನ್ನ ಮೊರದಲ್ಲಿರುವುದು ಆ ವಂಶದ ಕೊನೇ ಕೂಸು. ಅದೇ ಮಾರಿಸ್ ಕಂಪನಿಯ ಆಕ್ಸ್‌ಫರ್ಡ್ ಮೂರನೇ ಮಾದರಿಯ ಅಚ್ಚುಗಳು ಕಲ್ಕತ್ತೆಯ ಹತ್ತಿರದ ಉತ್ತರಪಾರಕ್ಕೆ ಬಂದು, ಹಿಂದೂಸ್ತಾನ್ ಮೋಟಾರ್ಸ್‌ನವರ ಕೈಯಲ್ಲಿ ಆ ಕಾರೇ ಅಂಬಾಸಿಡರ್ ಆಯಿತು. ಕೌಲಿಯ ಎಂಜಿನ್ 1548 ಸಿಸಿ, ಅಪ್ಪ ಓಡಿಸಿದ ಅಂಬಾಸಿಡರಿನದು 1489. ಮುತ್ತಜ್ಜನ ಎದೆಗೂ ಮರಿಮಗನ ಎದೆಗೂ ಅಳತೆಯಲ್ಲಿ ಅಷ್ಟೇ ವ್ಯತ್ಯಾಸ. ಅಪ್ಪನ ಗಾಡಿಗೂ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸುವ ತೂತಿತ್ತು. ಚಳಿಗಾಲದ ಬೆಳಗ್ಗೆ ಬೀದಿಗೆಲ್ಲ ಕೇಳುವ ಹಾಗೆ ಅವರು ಅದನ್ನು ತಿರುವುತ್ತಿದ್ದರೆ ಮೊದಲು ಕೆಮ್ಮು, ಆಮೇಲೆ ಗೊರಗೊರ, ಕೊನೆಗೆ ಆ ತುಂಬಿದ ಹೊಟ್ಟೆಯ ಸದ್ದು. ನಮಗೆ ಅದೇ ಸುಪ್ರಭಾತ. ಈ ಸಂಬಂಧವನ್ನು ಅಪ್ಪನಿಗೆ ಹೇಳಬೇಕಿತ್ತು ಅಂತ ಅನಿಸುತ್ತದೆ. ಆ ಹೊತ್ತಿಗೆ ನನಗೇ ಗೊತ್ತಿರಲಿಲ್ಲ.

ಅಪ್ಪ 2011ರಲ್ಲಿ ಹೋದರು. 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ಮಾಡುವುದನ್ನೇ ನಿಲ್ಲಿಸಿದರು, ಅದನ್ನು ಅವರು ನೋಡಲಿಲ್ಲ, ಒಳ್ಳೆಯದೇ ಆಯಿತು. ಹೆದ್ದಾರಿ ಅಗಲವಾಗುವಾಗ ಹಿರಿಯೂರು ದಾರಿಯ ಹುಣಸೆ ಮರಗಳು ಹೋದದ್ದನ್ನು ಮಾತ್ರ ನೋಡಿದ್ದರು. ಈಗ ಆ ದಾರಿಯಲ್ಲಿ ಕಿಟಕಿ ಗಾಜು ಏರಿಸಿಕೊಂಡೇ ಹೋಗುತ್ತೇವೆ. ಯಾವ ಊರಿನ ವಾಸನೆಯೂ ಅಂಗಿಗೆ ಹತ್ತುವುದಿಲ್ಲ. ಇರಲಿ, ರಸ್ತೆ ಚೆನ್ನಾಗಿದೆ, ಆಸ್ಪತ್ರೆಗೆ ಹೋಗುವವರಿಗೆ ಅನುಕೂಲ.

2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷದ ಮೇಲೆ. ಸುದ್ದಿ ಕೇಳಿದಾಗ ನಾನು ಊಟಕ್ಕೆ ಕೂತಿದ್ದೆ, ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಮಾರನೇ ದಿನ ಹೋದೆ. ಜನವೋ ಜನ. ಮುದುಕರನ್ನು ಹೆಗಲ ಮೇಲೆ ಹೊತ್ತು ತಂದವರಿದ್ದರು, ಹೆಂಗಸರು ಅರಿಸಿನ ಕುಂಕುಮ ಹಾಕಿ ಕೈಮುಗಿಯುತ್ತಿದ್ದರು. ನೀರು ಬಂಡೆಗಳ ಮೇಲೆ ಬಿಳಿಬಿಳಿಯಾಗಿ ಉರುಳುವ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆ ಸದ್ದಿನಲ್ಲಿ ನಿಂತುಕೊಂಡು ನಾನು ಅವ್ವನ ಬಳೆ ಲೆಕ್ಕ ಹಾಕಿದೆ, ಹೆಂಚು, ಸೈಕಲ್ಲು ಎಲ್ಲ ಲೆಕ್ಕ ಹಾಕಿದೆ. ಅವ್ವನೂ ಇಲ್ಲ. ಹೆಂಚಿನ ಕೆಲಸ ನಾನೇ ಮಾಡಿಸಿದ್ದೆ. ಉಳಿದದ್ದು ಅಟ್ಟದ ಮೇಲಿನ ಈ ಪೊಟ್ಟಣವೊಂದೇ. ಆದರೂ ಮನೆಗೆ ಬಂದು ಏಣಿ ಇಡಲು ಮನಸ್ಸಾಗಲಿಲ್ಲ. 2025ರ ಜನವರಿಯಲ್ಲಿ ಮತ್ತೊಂದು ಸಲ ತುಂಬಿ ಹರಿಯಿತು. ಆಗಲೂ ಆಗಲಿಲ್ಲ. ಬಿಚ್ಚಿದರೆ ಅಪ್ಪನಿಗೆ ಕಾಯುವುದು ಮುಗಿದುಹೋಗುತ್ತದೆ ಅನ್ನುವ ಭಯ ಇತ್ತೋ ಏನೋ.

ಮೊನ್ನೆ ಕೊನೆಗೂ ಬಿಚ್ಚುವಾಗ ಒಂದು ಕಂಡಿತು. ಚೀಲದ ತಲೆಯ ಕಾಗದದಲ್ಲಿ ಪಿನ್ನಿನ ತೂತುಗಳು ಎರಡು ಜೊತೆ ಇವೆ. ಒಂದು ಜೊತೆಯಲ್ಲಿ ತುಕ್ಕು ಹಿಡಿದ ಪಿನ್ನು. ಅದರ ಪಕ್ಕದ ಇನ್ನೊಂದು ಜೊತೆ ಖಾಲಿ. ಯಾರೋ ಮೊದಲೇ ಬಿಚ್ಚಿ, ನೋಡಿ, ಮತ್ತೆ ಪಿನ್ನು ಹೊಡೆದಿದ್ದಾರೆ. ಒಳಗಿನ ಸೂಚನೆಯ ಹಾಳೆ ತೆಗೆದೆ. ಇಂಗ್ಲಿಷಿನಲ್ಲಿ ಒಂದೊಂದು ಭಾಗದ ಹೆಸರು, ಅದು ಎಲ್ಲಿ ಕೂಡಬೇಕು ಅನ್ನುವ ಚಿತ್ರ. ಆ ಹೆಸರುಗಳ ಪಕ್ಕದಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗುರುತು. ದಿನಾ ಸಂಜೆ ಗಾಡಿ ನಿಲ್ಲಿಸಿ ಲಾಗ್ ಪುಸ್ತಕದಲ್ಲಿ ಜಾಕು, ಸ್ಪ್ಯಾನರು, ಪಂಪು ಅಂತ ಒಂದೊಂದಕ್ಕೂ ಹಾಕುತ್ತಿದ್ದ, ಬಾಲ ಉದ್ದ ಎಳೆದ ಅದೇ ಗುರುತು.

ಅಪ್ಪನಿಗೆ ಇಂಗ್ಲಿಷ್ ಓದು ಬರುತ್ತಿರಲಿಲ್ಲ. ಆದರೆ ಆ ಹಾಳೆಯ ಪದಗಳಲ್ಲಿ ಅವರಿಗೆ ಹೊಸದು ಯಾವುದಿತ್ತು? ಆಕ್ಸಲ್ಲು, ಬಾನೆಟ್ಟು, ಮಡ್‌ಗಾರ್ಡು, ಸ್ಟೇರಿಂಗು, ಎಲ್ಲ ಅವರ ಮನೆಮಾತೇ. ಚಿತ್ರ ನೋಡಿ ಗುರುತು ಹಿಡಿದಿದ್ದಾರೆ, ಭಾಗ ತೆಗೆದು ನೋಡಿದ್ದಾರೆ, ಗುರುತು ಹಾಕಿದ್ದಾರೆ. ಯಾವ ರಾತ್ರಿಯೋ, ನಾನು ಮಲಗಿದ ಮೇಲೆ, ಲಾಟೀನಿನ ಪಕ್ಕದಲ್ಲಿ. ಒಂದೆರಡು ಕಡೆ ಕನ್ನಡದಲ್ಲೂ ಬರೆದಿದ್ದಾರೆ. ಸೀಟಿನ ಪಕ್ಕ "ಗಟ್ಟಿ ಇದೆ" ಅಂತ. ಹೆಡ್‌ಲೈಟಿನ ಪಕ್ಕ "ಜೋಪಾನ" ಅಂತ. ಐದನೇ ಗಾಲಿಯ ಪಕ್ಕ, ದೊಡ್ಡ ಅಕ್ಷರದಲ್ಲಿ, "ಸ್ಟೆಪ್ನಿ".

ಸ್ಟೆಪ್ನಿ ಕಡ್ಡಿಯಿಂದ ಕಳಚಿ ಚೀಲದ ಮೂಲೆ ಸೇರಿತ್ತು. ಹುಡುಕಿ ತೆಗೆದು ಮೊರದಲ್ಲಿಟ್ಟೆ. ಕೋಟೆ ಕಡೆಯಿಂದ ಗಾಳಿ ಎದ್ದಿತು, ಸಣ್ಣ ಸಾಮಾನು ಹಾರದಿರಲಿ ಅಂತ ಮೊರಕ್ಕೆ ಟವೆಲ್ ಮುಚ್ಚಿ, ಒಳಗೆ ಹೋಗಿ ಮೊಮ್ಮಗನ ಪೆನ್ಸಿಲ್ ತಂದುಕೊಂಡು, ಹಾಳೆಯನ್ನು ತೊಡೆಯ ಮೇಲೆ ಹರಡಿ, ಅಪ್ಪನ ಮೊದಲನೇ ಗುರುತಿನ ಪಕ್ಕದಲ್ಲಿ ನನ್ನದೊಂದು ಗುರುತು ಹಾಕಿದೆ. ಚಾಸಿಸ್, ಸ್ವಲ್ಪ ಬಾಗಿದೆ.